ಫೋರ್ಕ್‌ಗೆ ಯಾವ ಎಣ್ಣೆ, ಯಾವ ಗ್ರೀಸ್: ಮಳೆಗಾಲ ಕಳೆದ ಮೇಲೆ ಬಿಚ್ಚಿದ ಕತೆ

ಆಯುಧ ಪೂಜೆಯ ಹಿಂದಿನ ದಿನ ಮನೆಯ ಗಾಡಿಗಳನ್ನೆಲ್ಲ ಅಂಗಳಕ್ಕೆ ತಂದು ತೊಳೆಯುವುದು ನಮ್ಮಲ್ಲಿ ರೂಢಿ. ಟಿಲ್ಲರ್, ಬೈಕು, ತೋಟಕ್ಕೆ ಔಷಧಿ ಹೊಡೆಯುವ ಪಂಪು, ಕೊನೆಗೆ ನನ್ನ ಮೌಂಟನ್ ಸೈಕಲ್. ಸೈಕಲ್ ಒರೆಸಿದ ಮೇಲೆ ಹ್ಯಾಂಡಲ್ ಮೇಲೆ ಭಾರ ಹಾಕಿ ಒತ್ತಿ ನೋಡಿದೆ. ಮುಂದಿನ ಫೋರ್ಕ್, ಅಂದರೆ ಚಕ್ರ ಹಿಡಿದು ಕುಲುಕು ತಡೆಯುವ ಜೋಡಿ ಕಾಲು, ಮೊದಲು ಅಲ್ಲಾಡಲೇ ಇಲ್ಲ. ಇನ್ನೂ ಒತ್ತಿದಾಗ ಧಡಕ್ಕನೆ ಇಳಿಯಿತು. ಮೇಲೆ ಬರುವಾಗ ಕೀರಲು ಸದ್ದು. ಕೆಳಗಿನ ಕಾಲಿನೊಳಗೆ ಜಾರುವ ಸ್ಟಾಂಚನ್ ಕೊಳವೆಯ ಮೇಲೆ ಬೆರಳಾಡಿಸಿದರೆ ಎಣ್ಣೆಯ ಪಸೆಯೇ ಇಲ್ಲ, ತೊಳೆದ ಗಾಜಿನ ಹಾಗೆ ಒಣಗಿತ್ತು.

ಕಾರಣ ಹುಡುಕಲು ದೂರ ಹೋಗಬೇಕಾಗಿರಲಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಇದೇ ಸೈಕಲ್ ತೀರ್ಥಹಳ್ಳಿ ಸುತ್ತಿನ ತೋಟದ ದಾರಿ, ಕುಂದಾದ್ರಿಯ ಏರು, ಆಗುಂಬೆ ಕಡೆಯ ಕಾಡಿನ ರಸ್ತೆ ಎಲ್ಲ ಸುತ್ತಿದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುತ್ತದೆ. ಅಲ್ಲಿಯ ಕೆಂಪು ಮಣ್ಣು ನೀರಲ್ಲಿ ಕಲಸಿದರೆ ಅರಿಶಿನ ಅರೆದಷ್ಟು ನುಣ್ಣಗಾಗುತ್ತದೆ. ಫೋರ್ಕ್‌ನ ಧೂಳು ತಡೆಯುವ ರಬ್ಬರ್ ತುಟಿಗೆ ಮರಳು ಬಂದರೆ ತಡೆದೀತು. ಈ ನುಣ್ಣನೆ ಕೆಸರು ಮಾತ್ರ ತುಟಿಗೆ ಅಂಟಿಕೊಂಡೇ ಕೂರುತ್ತದೆ, ಒಂದೊಂದು ಸಲ ಫೋರ್ಕ್ ಇಳಿದಾಗಲೂ ಚೂರು ಚೂರೇ ಒಳಗೆ ಹೋಗುತ್ತದೆ.

ಪೂಜೆ ಮುಗಿಯುವ ತನಕ ಸೈಕಲ್ ಮುಟ್ಟಲಿಲ್ಲ. ವಿಜಯದಶಮಿಯ ಮಾರನೇ ದಿನ ಕೊಟ್ಟಿಗೆಯ ಪಕ್ಕದ ಜಗಲಿಯಲ್ಲಿ ಕೂತು ಬಿಚ್ಚಿದೆ.

ನನ್ನದು ಏರ್ ಫೋರ್ಕ್. 100 ಮಿ.ಮೀ. ಟ್ರಾವೆಲ್ (ಫೋರ್ಕ್ ಇಳಿಯುವ ದೂರ), 32 ಮಿ.ಮೀ. ದಪ್ಪದ ಸ್ಟಾಂಚನ್. ಎಡಗಾಲಲ್ಲಿ ಗಾಳಿಯ ಸ್ಪ್ರಿಂಗು, ಬಲಗಾಲಲ್ಲಿ ಕುಣಿತಕ್ಕೆ ಕಡಿವಾಣ ಹಾಕುವ ಡ್ಯಾಂಪರ್. ಮುಂದಿನ ಚಕ್ರ ತೆಗೆದು ಬೇರೆ ಕೋಣೆಯಲ್ಲೇ ಇಟ್ಟೆ, ಯಾಕೆಂದರೆ ಡಿಸ್ಕ್ ಬ್ರೇಕ್‌ಗೆ ಒಂದು ಹನಿ ಎಣ್ಣೆ ತಾಗಿದರೂ ಪ್ಯಾಡ್ ಕೆಟ್ಟಂತೆ. ಪ್ಯಾಡ್ ಹಿಡಿದಿರುವ ಕ್ಯಾಲಿಪರ್ ಬಿಚ್ಚಿ ಪ್ಲಾಸ್ಟಿಕ್ ಚೀಲ ಕಟ್ಟಿದೆ. ಗಾಳಿ ಎಷ್ಟಿತ್ತು ಅಂತ ಶಾಕ್ ಪಂಪ್‌ನಲ್ಲಿ ನೋಡಿ ಕೊಟ್ಟಿಗೆ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದೆ, ಆಮೇಲೆ ಪೂರ್ತಿ ಬಿಟ್ಟೆ. ಗಾಳಿ ಬಿಡದೆ ಬೋಲ್ಟ್‌ಗೆ ಕೈ ಹಾಕಬಾರದು. ಅದು ಅಪಾಯ. ಕೆಳಗಿನ ಎರಡೂ ಬೋಲ್ಟ್ ಮೂರು ನಾಲ್ಕು ಸುತ್ತು ಸಡಿಲಿಸಿ, ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿದೆ. ಒಳಗಿನ ರಾಡ್ ಕಳಚಿಕೊಂಡ ಸದ್ದು ಬಂತು. ಬೋಲ್ಟ್ ಪೂರ್ತಿ ತೆಗೆದು ಕೆಳಗಿನ ಕಾಲುಗಳನ್ನು ಎಳೆದೆ. ಕೆಳಗೆ ಎರಡು ಅಡಿಕೆ ಹಾಳೆ ಹಾಸಿದ್ದೆ, ಎಡಕ್ಕೊಂದು ಬಲಕ್ಕೊಂದು. ಹಾಳೆಯ ತಿಳಿ ಬಣ್ಣದ ಮೇಲೆ ಎಣ್ಣೆಯ ಬಣ್ಣ ಚೆನ್ನಾಗಿ ಕಾಣುತ್ತದೆ, ಈ ಕೆಲಸಕ್ಕೆ ಅದಕ್ಕಿಂತ ಒಳ್ಳೆ ತಟ್ಟೆ ಬೇಡ.

ಬಲಗಾಲಿಂದ ಬಂದದ್ದು ಹಾಲು ಜಾಸ್ತಿ ಹಾಕಿದ ಚಹಾದ ಬಣ್ಣದ್ದು. ಎಣ್ಣೆಗೆ ನೀರು ಸೇರಿ ಕಡೆದಂತಾಗಿತ್ತು. ಹಾಕಿದ್ದು 10 ಮಿ.ಲೀ. ಇರಬೇಕು, ಸಿರಿಂಜಿಗೆ ಎಳೆದು ಅಳೆದರೆ 13 ಬಂತು. ಜಾಸ್ತಿ ಇದ್ದ 3 ಮಿ.ಲೀ. ಮಳೆಗಾಲದ ನೀರೇ. ಎಡಗಾಲಿಂದ ಎಣ್ಣೆ ಬರಲೇ ಇಲ್ಲ. ಕಡ್ಡಿಗೆ ಬಟ್ಟೆ ಸುತ್ತಿ ಒಳಗೆ ತಿರುಗಿಸಿದರೆ ಕಂದು ಬಣ್ಣದ ಗಟ್ಟಿ ಗ್ರೀಸ್ ಉಂಡೆ ಉಂಡೆಯಾಗಿ ಬಂತು. ಎರಡು ವರ್ಷದ ಹಿಂದೆ ಒಂದು ಅಂಗಡಿಯಲ್ಲಿ ಸರ್ವಿಸ್ ಮಾಡಿಸಿದ್ದೆ. ಅಲ್ಲಿ ಚಕ್ರದ ಬೇರಿಂಗ್‌ಗೆ ಹಾಕುವ ಗ್ರೀಸ್ ತುಂಬಿಬಿಟ್ಟಿದ್ದರು. ನೋಡಿ ಬೇಜಾರಾಯಿತು. ದುಡ್ಡು ಹೋಯಿತು ಅಂತಲ್ಲ. ಎರಡು ವರ್ಷ ಈ ಫೋರ್ಕ್ ಒಣಗಿಕೊಂಡೇ ಉಜ್ಜಿಕೊಂಡಿದೆಯಲ್ಲ ಅಂತ. ಸ್ಟಾಂಚನ್‌ನ ಮೇಲ್ಪದರ ಒಮ್ಮೆ ಸವೆದರೆ ಮನೆಯಲ್ಲಿ ಕೂತು ಸರಿ ಮಾಡಲಾಗುವುದಿಲ್ಲ. ಬಿಸಿಲಿಗೆ ಹಿಡಿದು, ಉಗುರು ಅಡ್ಡ ಎಳೆದು ನೋಡಿದೆ. ಪುಣ್ಯಕ್ಕೆ ಗೀರು ಎಲ್ಲೂ ಉಗುರಿಗೆ ಸಿಗಲಿಲ್ಲ.

ಆ ಗಟ್ಟಿ ಗ್ರೀಸ್ ಯಾಕೆ ತಪ್ಪು ಅಂತ ತಿಳಿಯಲು ಫೋರ್ಕ್ ಒಳಗೆ ಎಣ್ಣೆಗೆ ಎಷ್ಟು ಬಗೆಯ ಕೆಲಸ ಇದೆ ಅಂತ ನೋಡಬೇಕು. ಒಂದು, ಕೆಳಗಿನ ಕಾಲಿನ ತಳದಲ್ಲಿ ಕೂರುವ ಚೂರು ಎಣ್ಣೆ. ಫೋರ್ಕ್ ಕುಣಿದಾಗ ಅದು ಮೇಲಕ್ಕೆ ಚಿಮ್ಮಿ ಸ್ಟಾಂಚನ್ ಜಾರುವ ಬಳೆಯಾದ ಬುಶಿಂಗ್‌ಗೆ, ಧೂಳಿನ ಸೀಲ್ ಕೆಳಗಿರುವ ಸ್ಪಂಜಿನ ಉಂಗುರಕ್ಕೆ ತಾಗುತ್ತದೆ. ಸ್ಪಂಜು ಅದನ್ನು ಹಿಡಿದಿಟ್ಟುಕೊಂಡು ಸ್ಟಾಂಚನ್‌ಗೆ ಸವರುತ್ತಾ ಇರುತ್ತದೆ. ಎರಡು, ಡ್ಯಾಂಪರ್ ಒಳಗಿನ ಎಣ್ಣೆ. ಅದರ ಕೆಲಸ ಜಾರಿಸುವುದಲ್ಲ, ತಡೆಯುವುದು. ಸಣ್ಣ ತೂತುಗಳಲ್ಲಿ ನುಗ್ಗಿ ಹೋಗುವಾಗ ಅದು ಕೊಡುವ ತಡೆಯೇ ಫೋರ್ಕ್ ಎಷ್ಟು ಬೇಗ ಮೇಲೆ ಬರಬೇಕು ಅಂತ ತೀರ್ಮಾನಿಸುತ್ತದೆ. ಮೂರು, ಸೀಲ್‌ಗಳ ತುಟಿಗೂ ಗಾಳಿ ಪಿಸ್ಟನ್‌ನ ಉಂಗುರಗಳಿಗೂ ಹಚ್ಚುವ ಗ್ರೀಸ್. ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ. ತಳದಲ್ಲಿ ಗಟ್ಟಿ ಗ್ರೀಸ್ ತುಂಬಿದರೆ ಅದು ಅಲ್ಲೇ ಕೂರುತ್ತದೆ. ಚಿಮ್ಮುವುದಿಲ್ಲ, ಸ್ಪಂಜಿಗೆ ತಲುಪುವುದೂ ಇಲ್ಲ. ಸ್ಪಂಜು ಒಣಗಿದರೆ ಸ್ಟಾಂಚನ್ ಒಣಗಿತು.

ಇನ್ನು ಎಣ್ಣೆ ಆರಿಸುವುದು. ಇಲ್ಲಿಯೇ ನನಗೆ ಎರಡು ದಿನ ಹಿಡಿಯಿತು.

ಡ್ಯಾಂಪರ್‌ಗೆ 5 ವೇಟ್ ಎಣ್ಣೆ ಅಂತ ಫೋರ್ಕ್ ತಯಾರಕರ ಚಾರ್ಟ್‌ನಲ್ಲಿತ್ತು. ನನ್ನ ಹತ್ತಿರ 5 ವೇಟ್ ಅಂತ ಬರೆದ ಎರಡು ಬಾಟಲಿ ಇದ್ದವು. ಒಂದು ಸೈಕಲ್ ಸಸ್ಪೆನ್ಶನ್‌ಗೆಂದೇ ತರಿಸಿದ್ದು, ಇನ್ನೊಂದು ಮೋಟಾರ್ ಬೈಕ್ ಫೋರ್ಕ್‌ಗೆ ತಂದು ಉಳಿದದ್ದು. ಎರಡೂ ಒಂದೇ ಅಲ್ವಾ ಅಂದುಕೊಳ್ಳುವುದು ಸಹಜ. ಎರಡನ್ನೂ ಬೆರಳಿಗೆ ಹಚ್ಚಿ ಉಜ್ಜಿದರೆ ಮಾತ್ರ ಒಂದೇ ಅನಿಸಲಿಲ್ಲ.

ಗಟ್ಟಿ ತೆಳು ಅನ್ನುವುದನ್ನು ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಜೋನಿಬೆಲ್ಲ ಬೇಸಿಗೆಯಲ್ಲಿ ಚಮಚದಿಂದ ಸರಸರ ಇಳಿಯುತ್ತದೆ, ಮಾಗಿ ಚಳಿಯಲ್ಲಿ ದೋಸೆಯ ಮೇಲೆ ಬೀಳಲು ಕಾಯಬೇಕು. ಎಣ್ಣೆಯೂ ಹಾಗೇ. ಅದಕ್ಕೇ ಅಳತೆ ಹೇಳುವಾಗ ಎಷ್ಟು ಬಿಸಿಯಲ್ಲಿ ಅಂತಲೂ ಹೇಳಬೇಕು. ಪ್ರಯೋಗಾಲಯದ ಅಳತೆಯ ಹೆಸರು ಸೆಂಟಿಸ್ಟೋಕ್. 20 ಡಿಗ್ರಿಯ ನೀರು ಸುಮಾರು 1 ಸೆಂಟಿಸ್ಟೋಕ್. ಫೋರ್ಕ್ ಎಣ್ಣೆಯನ್ನು ಸಾಮಾನ್ಯವಾಗಿ 40 ಡಿಗ್ರಿಯಲ್ಲಿ ಅಳೆದು ಹೇಳುತ್ತಾರೆ. ಬಾಟಲಿಯ ಮೇಲಿನ 'ವೇಟ್' ಸಂಖ್ಯೆಗೆ ಹಾಗೆ ಎಲ್ಲರೂ ಒಪ್ಪಿದ ಅಳತೆ ಇಲ್ಲ. ಎಂಜಿನ್ ಆಯಿಲ್‌ಗೆ ಎಸ್‌ಎಇ ಅನ್ನುವ ಎಂಜಿನಿಯರುಗಳ ಸಂಸ್ಥೆ ಮಾಡಿದ ದರ್ಜೆಗಳಿವೆ, ಅದರಲ್ಲಿ ಬರುವ ಡಬ್ಲ್ಯೂ ಅಕ್ಷರಕ್ಕೆ ಚಳಿಗಾಲ ಅಂತ ಅರ್ಥ. ಫೋರ್ಕ್ ಎಣ್ಣೆಯಲ್ಲಿ ಒಬ್ಬೊಬ್ಬ ತಯಾರಕರು ತಮ್ಮದೇ ಲೆಕ್ಕದಲ್ಲಿ 5, 7.5, 10 ಅಂತ ಬರೆಯುತ್ತಾರೆ. ಹಾಗಾಗಿ 5 ವೇಟ್ ಅಂತ ಮಾರುವ ಎಣ್ಣೆ ಒಂದು ಕಡೆ 40 ಡಿಗ್ರಿಯಲ್ಲಿ 16 ಸೆಂಟಿಸ್ಟೋಕ್ ಆಸುಪಾಸು ಇದ್ದರೆ, ಇನ್ನೊಂದು ಕಡೆ 26ರ ಹತ್ತಿರ ಇರುತ್ತದೆ. ತೂತು ಅಷ್ಟೇ ಸಣ್ಣದು, ಎಣ್ಣೆ ಒಂದೂವರೆ ಪಟ್ಟು ಗಟ್ಟಿ. ಮೇಲೆ ಬರುವ ವೇಗ ಹೊಂದಿಸುವ ರಿಬೌಂಡ್ ಗುಂಡಿ ಪೂರ್ತಿ ಬಿಚ್ಚಿದರೂ ಫೋರ್ಕ್ ಆಮೆಯ ಹಾಗೆ ಮೇಲೆ ಬರುತ್ತದೆ.

ಇದನ್ನು ಮನೆಯಲ್ಲೇ ನೋಡಬಹುದು. 20 ಮಿ.ಲೀ. ಸಿರಿಂಜ್ ಒಂದರ ಒತ್ತುವ ಕಡ್ಡಿ ತೆಗೆದು, ಸೂಜಿ ಹಾಕದೆ, ಮರದ ಹಲಗೆಗೆ ನೆಟ್ಟಗೆ ಕಟ್ಟಿದೆ. ಬಾಯಿಯನ್ನು ಬೆರಳಲ್ಲಿ ಮುಚ್ಚಿ 20 ಮಿ.ಲೀ. ತನಕ ಎಣ್ಣೆ ತುಂಬಿ ಬೆರಳು ತೆಗೆದು ಮೊಬೈಲ್‌ನಲ್ಲಿ ಸಮಯ ನೋಡಿದೆ. ಮಧ್ಯಾಹ್ನ, ಜಗಲಿಯಲ್ಲಿ 28 ಡಿಗ್ರಿ. ಸೈಕಲ್ಲಿನ 5 ವೇಟ್ 22 ಸೆಕೆಂಡಿಗೆ ಖಾಲಿ. ಬೈಕಿನ 5 ವೇಟ್‌ಗೆ 35 ಸೆಕೆಂಡ್ ಬೇಕಾಯಿತು. ಮೂರು ಮೂರು ಸಲ ಮಾಡಿದರೂ ಒಂದೆರಡು ಸೆಕೆಂಡ್ ಆಚೀಚೆ ಅಷ್ಟೇ. ಅದೇ ಸಿರಿಂಜಿನಲ್ಲಿ ತಳಕ್ಕೆಂದು ತಂದ 0ಡಬ್ಲ್ಯೂ-30 ಎಂಜಿನ್ ಆಯಿಲ್ ಹಾಕಿದರೆ 1 ನಿಮಿಷ 20 ಸೆಕೆಂಡ್. ಮಾರನೇ ಬೆಳಿಗ್ಗೆ ಆರಕ್ಕೆ, 19 ಡಿಗ್ರಿ ಇದ್ದಾಗ, ಮೊದಲಿನ 22 ಸೆಕೆಂಡಿನ ಎಣ್ಣೆಯೇ 31 ತೆಗೆದುಕೊಂಡಿತು. ಚಳಿಗಾಲದ ಬೆಳಿಗ್ಗೆ ಕುಂದಾದ್ರಿಯಿಂದ ಇಳಿಯುವಾಗ ಫೋರ್ಕ್ ಯಾಕೆ ಮಂಕಾಗಿರುತ್ತದೆ, ಮಧ್ಯಾಹ್ನ ಯಾಕೆ ಚುರುಕಾಗುತ್ತದೆ ಅನ್ನುವುದು ಈ 9 ಸೆಕೆಂಡಿನಲ್ಲಿದೆ. ಬಿಸಿ ಚಳಿಗೆ ಕಡಿಮೆ ಬದಲಾಗುವ ಎಣ್ಣೆಗೆ ವಿಸ್ಕಾಸಿಟಿ ಇಂಡೆಕ್ಸ್ ಅನ್ನುವ ಸಂಖ್ಯೆ ದೊಡ್ಡದಿರುತ್ತದೆ. ಎಣ್ಣೆ ಕೊಳ್ಳುವ ಮುಂಚೆ ಅದರ ತಾಂತ್ರಿಕ ವಿವರದ ಹಾಳೆ ಇಳಿಸಿಕೊಂಡು ಎರಡೇ ಸಾಲು ನೋಡಿ: 40 ಡಿಗ್ರಿಯ ಸೆಂಟಿಸ್ಟೋಕ್, ಮತ್ತು ಈ ಇಂಡೆಕ್ಸ್. ಬಾಟಲಿಯ ಮುಂಭಾಗದ ಲೇಬಲ್ ಓದಬೇಕಾಗಿಯೇ ಇಲ್ಲ.

ಡ್ಯಾಂಪರ್‌ಗೆ 22 ಸೆಕೆಂಡಿನ ಎಣ್ಣೆಯೇ ಹಾಕಿದೆ. ನನ್ನದು ತೆರೆದ ಬಗೆಯ ಡ್ಯಾಂಪರ್, 100 ಮಿ.ಲೀ.ಗಿಂತ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. ಹಳೇ ಎಣ್ಣೆ ಬೂದು ಬಣ್ಣಕ್ಕೆ ತಿರುಗಿತ್ತು. ಇಲ್ಲಿ ಅಂದಾಜು ನಡೆಯುವುದಿಲ್ಲ. ಎಣ್ಣೆಯ ಮೇಲೆ ಉಳಿಯುವ ಗಾಳಿಯೂ ಸ್ಪ್ರಿಂಗಿನ ಹಾಗೆ ಕೆಲಸ ಮಾಡುತ್ತದೆ, ಎಣ್ಣೆ ಜಾಸ್ತಿಯಾದರೆ ಫೋರ್ಕ್ ಕೊನೆಯ ತನಕ ಇಳಿಯುವುದೇ ಇಲ್ಲ. ಚಾರ್ಟ್ ಹೇಳಿದಷ್ಟನ್ನೇ ಅಳೆದು ಹಾಕಿ, ರಾಡ್ ಮೆಲ್ಲಗೆ ಹತ್ತು ಸಲ ಆಡಿಸಿ, ಗುಳ್ಳೆ ನಿಲ್ಲುವ ತನಕ ಕಾದೆ. ಒಳಗೆ ಮುಚ್ಚಿದ ಚೀಲ ಇರುವ ಡ್ಯಾಂಪರ್ ಆದರೆ ಗಾಳಿ ಒಂದಿಷ್ಟೂ ಉಳಿಯಬಾರದು, ಅದಕ್ಕೆ ಬೇರೆ ಸಲಕರಣೆ ಬೇಕು. ಅದನ್ನು ಗೊತ್ತಿದ್ದವರ ಕೈಗೇ ಕೊಡಿ.

ತಳದ ಎಣ್ಣೆಗೆ ಲೆಕ್ಕ ಬೇರೆ. ಅಲ್ಲಿ ತೂತಿಲ್ಲ, ತಡೆ ಇಲ್ಲ, ಬುಶಿಂಗ್ ಮತ್ತು ಸ್ಟಾಂಚನ್ ನಡುವೆ ಪದರವಾಗಿ ನಿಲ್ಲಬೇಕು. ಹಾಗಾಗಿ ಇನ್ನಷ್ಟು ಗಟ್ಟಿ ಎಣ್ಣೆ, ಅಂಟಿಕೊಳ್ಳುವಂಥದ್ದು. ಫೋರ್ಕ್ ತಯಾರಿಸುವ ರಾಕ್‌ಶಾಕ್ಸ್ ಕಂಪನಿ ಮೊದಲು ಇಲ್ಲಿಗೆ 15 ವೇಟ್ ಹೇಳುತ್ತಿತ್ತು, ಆಮೇಲೆ 0ಡಬ್ಲ್ಯೂ-30ಕ್ಕೆ ಬದಲಾಯಿತು. ಇನ್ನೊಂದು ಕಂಪನಿ ಫಾಕ್ಸ್‌ನವರದು 20 ವೇಟ್‌ನ ಗೋಲ್ಡ್ ಆಯಿಲ್. ಅವೇ ಸಿಕ್ಕರೆ ಅವೇ ಹಾಕಿ, ಯೋಚನೆಯೇ ಬೇಡ. ನಮ್ಮ ಊರಲ್ಲಿ ಸಿಗುವುದಿಲ್ಲ. 60 ಕಿಲೋಮೀಟರ್‌ಗೂ ಜಾಸ್ತಿ ಬಸ್ಸಲ್ಲಿ ಕೂತು ಶಿವಮೊಗ್ಗಕ್ಕೆ ಹೋದೆ. ಆಟೋ ಕಾಂಪ್ಲೆಕ್ಸಿನಲ್ಲಿ ಕಾರಿನ ಬಿಡಿಭಾಗದ ಅಂಗಡಿ ಸಾಲು ಸಾಲು ಇವೆ. ಪೂರ್ತಿ ಸಿಂಥೆಟಿಕ್ 0ಡಬ್ಲ್ಯೂ-30 ಎಂಜಿನ್ ಆಯಿಲ್ ಒಂದು ಲೀಟರ್ ತಂದೆ. ತಳಕ್ಕೆ ಇದು ಸಲ್ಲುತ್ತದೆ ಅನ್ನುವುದು ನನ್ನ ತೀರ್ಮಾನ: ಬೇಕಾದ ದಪ್ಪದ ಹತ್ತಿರವೇ ಇದೆ, ಚಳಿಗೆ ಗಟ್ಟಿಯಾಗುವುದೂ ಕಡಿಮೆ. ಕಾಲಿಗೆ 10 ಮಿ.ಲೀ., ಎರಡು ಕಾಲಿಗೆ 20. ಒಂದು ಲೀಟರ್ ಡಬ್ಬಿಯಲ್ಲಿ 50 ಸಲ ಎಣ್ಣೆ ಬದಲಿಸಬಹುದು. ಇದೇ ಎಣ್ಣೆ ಡ್ಯಾಂಪರ್‌ಗೆ ಮಾತ್ರ ಬೇಡವೇ ಬೇಡ. ಸಿರಿಂಜಿನ ಲೆಕ್ಕ ನೆನಪಿರಲಿ, 22 ಸೆಕೆಂಡಿನ ಜಾಗಕ್ಕೆ 80 ಸೆಕೆಂಡಿನದು ಹಾಕಿದ ಹಾಗೆ.

ಅಮ್ಮ ಕೇಳಿದರು, ಮನೆಯಲ್ಲಿ ಇಷ್ಟು ಕೊಬ್ಬರಿ ಎಣ್ಣೆ ಇದೆಯಲ್ಲ, ಅದೇ ಆಗುವುದಿಲ್ಲವಾ ಅಂತ. ಕೊಬ್ಬರಿ ಎಣ್ಣೆ 24 ಡಿಗ್ರಿ ಆಸುಪಾಸಿನಲ್ಲೇ ಹೆಪ್ಪುಗಟ್ಟುತ್ತದೆ. ಡಿಸೆಂಬರ್ ಬೆಳಿಗ್ಗೆ ಬಾಟಲಿಯಲ್ಲಿ ಬೆಳ್ಳಗೆ ಕೂತಿರುತ್ತದಲ್ಲ, ಫೋರ್ಕ್ ಒಳಗೂ ಹಾಗೇ ಕೂರುತ್ತದೆ.

ಗ್ರೀಸ್ ಅಂದರೆ ಎಣ್ಣೆಯೇ. ಸಾಬೂನಿನಂಥ ಒಂದು ಗಟ್ಟಿಕಾರಕ ಅದನ್ನು ಸ್ಪಂಜಿನ ಹಾಗೆ ಹಿಡಿದಿಟ್ಟಿರುತ್ತದೆ. ಎಷ್ಟು ಗಟ್ಟಿ ಅನ್ನುವುದಕ್ಕೆ ಎನ್‌ಎಲ್‌ಜಿಐ ಸಂಖ್ಯೆ ಇದೆ. 25 ಡಿಗ್ರಿಯಲ್ಲಿ ಗ್ರೀಸ್ ಮೇಲೆ ಲೋಹದ ಶಂಕು ಬಿಟ್ಟು, ಅದು ಎಷ್ಟು ಆಳಕ್ಕೆ ಇಳಿಯಿತು ಅಂತ ನೋಡಿ ಆ ಸಂಖ್ಯೆ ಕೊಡುತ್ತಾರೆ. ಗ್ಯಾರೇಜುಗಳಲ್ಲಿ ಎಪಿ-3 ಅಂತ ಸಿಗುವ ಚಕ್ರದ ಗ್ರೀಸ್ 3ನೇ ನಂಬರಿನದು, ಫ್ರಿಜ್ಜಿನಿಂದ ಆಗಷ್ಟೇ ತೆಗೆದ ಬೆಣ್ಣೆಯಷ್ಟು ಗಟ್ಟಿ. ಲಾರಿ ಚಕ್ರಕ್ಕೆ ಅದು ಬಹಳ ಒಳ್ಳೆಯದು, ಅಲ್ಲಿ ಬೇರಿಂಗ್ ಗರಗರ ತಿರುಗುತ್ತದೆ, ಬಿಸಿಯಾಗುತ್ತದೆ. ಫೋರ್ಕ್ ಸೀಲ್ ತಿರುಗುವುದಿಲ್ಲ, ಬಿಸಿಯಾಗುವುದಿಲ್ಲ, ಮೇಲೆ ಕೆಳಗೆ ಚೂರು ಚೂರೇ ಜಾರುತ್ತದೆ. ಒಂದು ಸಣ್ಣ ಕಲ್ಲಿಗೆ ಫೋರ್ಕ್ ಅಲ್ಲಾಡಬೇಕಾದರೆ ಆ ಮೊದಲ ಜಾರು ಸಲೀಸಾಗಿರಬೇಕು. ಗಟ್ಟಿ ಗ್ರೀಸ್ ಅಲ್ಲೇ ಕಚ್ಚಿ ಹಿಡಿಯುತ್ತದೆ.

ಸಸ್ಪೆನ್ಶನ್‌ಗೆಂದೇ ಮಾಡಿದ ಗ್ರೀಸ್‌ಗಳು ಮೆತ್ತಗೆ, ಜೇನಿಗೂ ಬೆಣ್ಣೆಗೂ ನಡುವೆ ಇರುತ್ತವೆ. ಸ್ರ್ಯಾಮ್ ಬಟರ್, ಸ್ಲಿಕ್ ಹನಿ, ಸ್ಲಿಕೋಲಿಯಂ ಅಂತೆಲ್ಲ ಹೆಸರು. ನಾನು ತರಿಸಿದ್ದು ಅಂಥದ್ದೇ ಒಂದು ಸಣ್ಣ ಡಬ್ಬಿ. ಬೆರಳ ತುದಿಗೆ ತೆಗೆದುಕೊಂಡು ಹೆಬ್ಬೆರಳಿನಿಂದ ಒತ್ತಿ ಬಿಡಿಸಿದರೆ ಎಳೆ ಬರುತ್ತದೆ, ಮರುಕ್ಷಣ ಎಣ್ಣೆಯ ಹಾಗೆ ಹರಡುತ್ತದೆ. ಪಕ್ಕದಲ್ಲೇ ಹಳೇ ಚಕ್ರದ ಗ್ರೀಸ್ ಇಟ್ಟು ಹೀಗೇ ಮಾಡಿದೆ, ಬೆರಳ ಗುರುತು ಅದರಲ್ಲಿ ಹಾಗೇ ಉಳಿಯಿತು. ಯಾವುದನ್ನು ಎಲ್ಲಿ ಹಾಕಬೇಕು ಅಂತ ತಿಳಿಯಲು ಇಷ್ಟು ಸಾಕು.

ಈ ಮೆತ್ತನೆ ಗ್ರೀಸನ್ನೂ ಜಾಸ್ತಿ ಹಚ್ಚಬಾರದು. ಏರ್ ಫೋರ್ಕಿನಲ್ಲಿ ಮೇಲಿನ ಮತ್ತು ಕೆಳಗಿನ ಗಾಳಿ ಕೋಣೆಗಳ ಒತ್ತಡ ಸಮವಾಗಲು ಒಂದು ಸಣ್ಣ ದಾರಿ ಇರುತ್ತದೆ. ಗ್ರೀಸ್ ಅಲ್ಲಿ ಸೇರಿಕೊಂಡರೆ ದಾರಿ ಮುಚ್ಚುತ್ತದೆ, ಫೋರ್ಕ್ ತಾನಾಗೇ ಕುಸಿದು ಕೂರುತ್ತದೆ. ಪಿಸ್ಟನ್ ಉಂಗುರ ಹೊಳೆಯುವಷ್ಟು ಮಾತ್ರ ಸವರಿದೆ. ಧೂಳಿನ ಸೀಲ್‌ನ ಎರಡು ತುಟಿಗಳ ನಡುವೆ ಒಂದು ಕಾಲುವೆ ಇರುತ್ತದೆ, ಅದನ್ನು ತುಂಬಿದೆ. ನಮ್ಮ ಮಳೆಗೆ ನೀರು ತಡೆಯುವುದು ಆ ಕಾಲುವೆಯ ಗ್ರೀಸೇ.

ತೊಳೆಯಲು ಪೆಟ್ರೋಲ್ ಬೇಡ. ಸೀಲಿನ ನೈಟ್ರೈಲ್ ರಬ್ಬರ್ ಖನಿಜ ಎಣ್ಣೆಯನ್ನು ತಡೆದುಕೊಳ್ಳುತ್ತದೆ, ಪೆಟ್ರೋಲಿಗೆ ಉಬ್ಬುತ್ತದೆ. ನಾನು ಬಳಸಿದ್ದು ಐಸೊಪ್ರೊಪೈಲ್ ಆಲ್ಕೋಹಾಲ್. ಸರ್ಕ್ಯೂಟ್ ತೊಳೆಯಲು ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುತ್ತದೆ. ಒರೆಸಲು ಹಳೇ ಹತ್ತಿ ಪಂಚೆ, ಎಷ್ಟೋ ಸಲ ಒಗೆದದ್ದು, ಅದರಿಂದ ನೂಲು ಉದುರುವುದಿಲ್ಲ. ಸ್ಪಂಜಿನ ಉಂಗುರಗಳನ್ನು ಹಿಂಡಿದಾಗ ಕೆಂಪು ನೀರು ಬಂತು. ನಾಲ್ಕು ಸಲ ತೊಳೆದು, ಒಣಗಿಸಿ, ಹೊಸ ಎಣ್ಣೆಯಲ್ಲಿ ಒಂದು ರಾತ್ರಿ ಮುಳುಗಿಸಿಟ್ಟೆ. ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ. ಒಣ ಸ್ಪಂಜು ಹಾಕಿದರೆ ತಳದ 10 ಮಿ.ಲೀ.ನಲ್ಲಿ ಅರ್ಧವನ್ನು ಅದೇ ಕುಡಿಯುತ್ತದೆ.

ಜೋಡಿಸುವುದು ಬಿಚ್ಚಿದ ದಾರಿಯಲ್ಲೇ ವಾಪಸ್. ಕಾಲುಗಳನ್ನು ಅರ್ಧ ಏರಿಸಿ, ಸೈಕಲ್ ಸ್ವಲ್ಪ ಓರೆ ಮಾಡಿ, ಕೆಳಗಿನ ತೂತಿನಿಂದ ಸಿರಿಂಜಿನಲ್ಲಿ ಎಣ್ಣೆ ಬಿಟ್ಟೆ. ರಾಡ್ ಒಳಗೆ ಬೀಳಬಾರದು, ಪಕ್ಕದಲ್ಲಿ ಹರಿಯಬೇಕು. ಪೂರ್ತಿ ಏರಿಸಿ, ಹೊಸ ವಾಷರ್ ಹಾಕಿ, ಬೋಲ್ಟ್‌ಗಳನ್ನು 7.3 ನ್ಯೂಟನ್ ಮೀಟರಿಗೆ ಬಿಗಿ ಮಾಡಿದೆ. ಟಾರ್ಕ್ ವ್ರೆಂಚ್ ಇಲ್ಲದವರು ಸಾಲ ತಂದಾದರೂ ಬಳಸಿ, ಅಲ್ಲಿಯ ರಾಡ್ ತೆಳ್ಳನೆ ಅಲ್ಯೂಮಿನಿಯಂ. ಗಾಳಿ ತುಂಬುವಾಗ ನಡುನಡುವೆ ಫೋರ್ಕ್ ಒತ್ತಿ ಬಿಡುತ್ತಾ ಬಾಗಿಲ ಮೇಲೆ ಬರೆದಿದ್ದ ಸಂಖ್ಯೆಗೆ ತಂದೆ.

ಒತ್ತಿದೆ. ತಡೆಯಿಲ್ಲದೆ ಇಳಿಯಿತು, ಸದ್ದಿಲ್ಲದೆ ಬಂತು. ಸ್ಟಾಂಚನ್ ಮೇಲೆ ಕೂದಲೆಳೆಯಷ್ಟು ತೆಳ್ಳನೆ ಎಣ್ಣೆಯ ಉಂಗುರ ಉಳಿದಿತ್ತು. ಅದು ಇರಬೇಕು.

ಅಕ್ಕನ ಮಗನ ಸೈಕಲ್ಲಿನದು ಎಸ್‌ಆರ್ ಸನ್‌ಟೂರ್‌ನ ಎಕ್ಸ್‌ಸಿಎಂ, ಸುರುಳಿ ಸ್ಪ್ರಿಂಗಿನದು. ನಮ್ಮ ಕಡೆ ಜಾಸ್ತಿ ಕಾಣುವುದು ಇಂಥ ಫೋರ್ಕ್‌ಗಳೇ. ಇದರಲ್ಲಿ ತಳದ ಎಣ್ಣೆಯ ಏರ್ಪಾಡಿಲ್ಲ, ಗ್ರೀಸ್ ಮೇಲೆಯೇ ನಡೆಯುತ್ತದೆ. ಎಣ್ಣೆ ಸುರಿದರೆ ಇದ್ದ ಗ್ರೀಸೂ ತೊಳೆದುಹೋಗುತ್ತದೆ, ಎಣ್ಣೆಯೂ ಸೋರುತ್ತದೆ. ಕೆಳಗಿನ ಎರಡು ಬೋಲ್ಟ್ ಬಿಚ್ಚಿ, ಕಾಲು ಎಳೆದು, ಒರೆಸಿ, ಬುಶಿಂಗ್‌ಗೂ ಸೀಲಿಗೂ ಅದೇ ಮೆತ್ತನೆ ಗ್ರೀಸ್ ಧಾರಾಳವಾಗಿ ಹಚ್ಚಿ ಮುಚ್ಚಿದೆವು. ಸ್ಪ್ರಿಂಗಿಗೂ ಸವರಿದರೆ ಒಳಗಿನ ಗಲಗಲ ನಿಲ್ಲುತ್ತದೆ. ಅರ್ಧ ಗಂಟೆಯ ಕೆಲಸ, ಹುಡುಗ ತಾನೇ ಮಾಡಿದ.

ರಾಕ್‌ಶಾಕ್ಸ್ ತಳದ ಎಣ್ಣೆಯನ್ನು 50 ಗಂಟೆ ಸವಾರಿಗೊಮ್ಮೆ ಬದಲಿಸಿ ಅನ್ನುತ್ತದೆ, ಫಾಕ್ಸ್ 125 ಗಂಟೆ ಅಥವಾ ವರ್ಷಕ್ಕೊಮ್ಮೆ ಅನ್ನುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ನಾನು ಅದನ್ನು 25 ಗಂಟೆ ಅಂತ ಇಟ್ಟುಕೊಂಡಿದ್ದೇನೆ. 20 ಮಿ.ಲೀ. ಎಣ್ಣೆ, ಒಂದು ಬೆಳಗಿನ ಹೊತ್ತು. ತೊಳೆಯುವಾಗ ಪಂಪಿನ ಜೋರು ನೀರನ್ನು ಸೀಲಿಗೆ ನೇರ ಹಿಡಿಯುವುದನ್ನೂ ಬಿಟ್ಟಿದ್ದೇನೆ, ಆ 3 ಮಿ.ಲೀ. ನೀರಿನಲ್ಲಿ ಅದರ ಪಾಲೂ ಇತ್ತು.

ಹಳೇ ಎಣ್ಣೆಯನ್ನು ಬಾಟಲಿಗೆ ತುಂಬಿ, ಮುಂದಿನ ಸಲ ಪೇಟೆಗೆ ಹೋದಾಗ ಗ್ಯಾರೇಜಿನ ಡ್ರಮ್ಮಿಗೆ ಹಾಕಲು ಚೀಲದಲ್ಲಿಟ್ಟೆ. ನಮ್ಮ ತೋಟದ ಕಾದಿಗೆ, ಅಂದರೆ ನೀರು ಬಸಿಯುವ ಕಾಲುವೆ, ಹೋಗಿ ಸೇರುವುದು ತುಂಗೆಯನ್ನೇ. ಬಾಗಿಲ ಮೇಲೆ ಗಾಳಿಯ ಸಂಖ್ಯೆಯ ಪಕ್ಕ ಇವತ್ತಿನ ತಾರೀಖು ಬರೆದೆ, ಅದರ ಕೆಳಗೆ ಗಂಟೆ ಲೆಕ್ಕ ಹಾಕಲು ಒಂದು ಖಾಲಿ ಗೆರೆ.